ಯಾವುದು ಅಗತ್ಯ ವಸ್ತು? ಸಾಂಕ್ರಾಮಿಕ ಕಾಲದ ಒಂದು ಪದವಿಚಾರ

2020ರ ಅಕ್ಟೋಬರ್ ಕೊನೆಯ ವಾರದಲ್ಲಿ ಬ್ರಿಟನ್ನಿಗೆ ಸೇರಿದ ವೇಲ್ಸ್ ನಾಡಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಹಿಂದೆ ಯಾರೂ ಕಾಣದಿದ್ದ ಒಂದು ದೃಶ್ಯ ಕಂಡುಬಂದಿತು. ಅಂಗಡಿಗಳ ಬಾಗಿಲು ತೆರೆದಿತ್ತು. ಜನ ಒಳಗೆ ಹೋಗಿ ಹಾಲು, ಬ್ರೆಡ್ಡು, ತರಕಾರಿ, ಮದ್ಯ ಎಲ್ಲವನ್ನೂ ಕೊಳ್ಳಬಹುದಾಗಿತ್ತು. ಆದರೆ ಅದೇ ಸೂರಿನಡಿ ನಾಲ್ಕು ಹೆಜ್ಜೆ ಆಚೆಗಿದ್ದ ಮಕ್ಕಳ ಉಡುಪು, ನೀರು ಕಾಯಿಸುವ ಕೆಟಲು, ಹೊದಿಕೆ, ಆಟಿಕೆಗಳ ಸಾಲುಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಡ್ಡಪಟ್ಟಿ ಕಟ್ಟಲಾಗಿತ್ತು. ವಸ್ತು ಕಣ್ಣಿಗೆ ಕಾಣುತ್ತಿತ್ತು, ಬೆಲೆಚೀಟಿಯೂ ಇತ್ತು, ಕೊಳ್ಳುವಂತಿರಲಿಲ್ಲ. ಕಾರಣ ಕೇಳಿದರೆ ಸಿಗುತ್ತಿದ್ದ ಉತ್ತರ ಒಂದೇ: ಅವು ‘ಅಗತ್ಯ ವಸ್ತು’ಗಳಲ್ಲ.

ಆ ಪ್ಲಾಸ್ಟಿಕ್ ಹಾಳೆಯ ಚಿತ್ರಗಳು ಕೆಲವೇ ಗಂಟೆಗಳಲ್ಲಿ ಎಲ್ಲೆಡೆ ಹರಡಿದವು. ಈ ನಿಷೇಧವನ್ನು ಹಿಂತೆಗೆದುಕೊಳ್ಳಬೇಕೆಂದು ವೇಲ್ಸ್ ಶಾಸನಸಭೆಗೆ ಸಲ್ಲಿಸಿದ ಮನವಿಗೆ 67 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆ ಶಾಸನಸಭೆಗೆ ಅದುವರೆಗೆ ಬಂದ ಯಾವ ಮನವಿಗೂ ಅಷ್ಟು ಸಹಿಗಳು ಬಿದ್ದಿರಲಿಲ್ಲ. ರೋಗದ ಭಯ ಎಲ್ಲರಿಗೂ ಇದ್ದ ದಿನಗಳು ಅವು. ಮನೆಯಿಂದ ಹೊರಬರಬೇಡಿ ಎಂದಾಗ ಬಹುಪಾಲು ಜನ ಒಪ್ಪಿದ್ದರು. ಮದುವೆ, ಅಂತ್ಯಕ್ರಿಯೆಗಳಿಗೆ ಕೂಡ ಮಿತಿ ಹಾಕಿದಾಗ ನೋವಿನಿಂದಲಾದರೂ ಸಹಿಸಿದ್ದರು. ಅಂಥವರು ಒಂದು ಕೆಟಲಿಗಾಗಿ ಇಷ್ಟು ಕೆರಳಿದ್ದೇಕೆ? ಈ ಪ್ರಶ್ನೆಗೆ ಉತ್ತರ ‘ಅಗತ್ಯ’ ಎಂಬ ಪದದ ಚರಿತ್ರೆಯಲ್ಲಿದೆ ಎಂಬುದು ನನ್ನ ತಿಳಿವಳಿಕೆ. ಪದಗಳ ಅರ್ಥ ಹೇಗೆ ಪಲ್ಲಟಗೊಳ್ಳುತ್ತದೆ ಎಂಬುದನ್ನು ಅಭ್ಯಾಸ ಮಾಡುವ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊರಗಿನ ವಿಷಯವಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ವಿಚಾರ ಮಾಡಲು ತೊಡಗಿದ್ದೇನೆ.

ಮೊದಲು ವೇಲ್ಸಿನಲ್ಲಿ ನಡೆದುದನ್ನು ಕ್ರಮವಾಗಿ ನೋಡೋಣ. ಸೋಂಕು ಮತ್ತೆ ಏರತೊಡಗಿದಾಗ ಅಲ್ಲಿನ ಪ್ರಥಮ ಸಚಿವ ಮಾರ್ಕ್ ಡ್ರೇಕ್‌ಫರ್ಡ್ ಅಕ್ಟೋಬರ್ 19ರಂದು ಅಲ್ಪಾವಧಿಯ ಕಟ್ಟುನಿಟ್ಟಿನ ನಿರ್ಬಂಧವನ್ನು ಘೋಷಿಸಿದರು. ಅಕ್ಟೋಬರ್ 23ರ ಸಂಜೆ 6 ಗಂಟೆಯಿಂದ ನವೆಂಬರ್ 9ರವರೆಗೆ ಅದು ಜಾರಿಯಲ್ಲಿತ್ತು. ಕಾಡ್ಗಿಚ್ಚು ಹರಡದಂತೆ ನಡುವೆ ಮರ ಕಡಿದು ಬಯಲು ಮಾಡುತ್ತಾರಲ್ಲ, ಆ ಬೆಂಕಿತಡೆಯ ಹೆಸರನ್ನೇ ಇದಕ್ಕೂ ಇಟ್ಟಿದ್ದರು. ಬಟ್ಟೆ, ಪೀಠೋಪಕರಣ, ಯಂತ್ರಸಾಮಗ್ರಿಗಳ ಸಣ್ಣ ಅಂಗಡಿಗಳೆಲ್ಲ ಮುಚ್ಚಬೇಕು. ಆಹಾರ ಮಾರುವ ಸೂಪರ್‌ಮಾರ್ಕೆಟ್ಟುಗಳು ತೆರೆದಿರಬಹುದು. ಆಗ ಒಂದು ನ್ಯಾಯವಾದ ಪ್ರಶ್ನೆ ಎದ್ದಿತು. ಬೀದಿಯ ಬಟ್ಟೆ ಅಂಗಡಿಯವನು ಬಾಗಿಲು ಹಾಕಿ ಕೂತಿರುವಾಗ ದೊಡ್ಡ ಮಳಿಗೆಯವನು ಅದೇ ಬಟ್ಟೆಯನ್ನು ಮಾರುತ್ತಿದ್ದರೆ ಅದು ಅನ್ಯಾಯವಲ್ಲವೆ? ವಿರೋಧಪಕ್ಷದ ಸದಸ್ಯರೊಬ್ಬರೇ ಶಾಸನಸಭೆಯಲ್ಲಿ ಇದನ್ನು ಎತ್ತಿದರು. ಸರ್ಕಾರ ಅದಕ್ಕೆ ಕಂಡುಕೊಂಡ ಪರಿಹಾರ, ದೊಡ್ಡ ಮಳಿಗೆಯವರೂ ಆ ವಸ್ತುಗಳನ್ನು ಮಾರಕೂಡದು ಎಂಬುದು. ಜನ ಅಂಗಡಿಯಲ್ಲಿ ಕಳೆಯುವ ಸಮಯ ಕಡಿಮೆಯಾದೀತೆಂಬ ಎರಡನೆಯ ಕಾರಣವನ್ನೂ ಸೇರಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯಿದೆ. ನಿಯಮದ ಹುಟ್ಟು ಮಾರುವವರ ನಡುವಣ ಸಮಾನತೆಯ ಪ್ರಶ್ನೆಯಲ್ಲಿತ್ತು. ಆದರೆ ಅದು ಕೊಳ್ಳುವವನ ಬಳಿಗೆ ಬರುವಾಗ ತೊಟ್ಟುಕೊಂಡ ಭಾಷೆ ಬೇರೆಯಾಗಿತ್ತು. ‘ಪಕ್ಕದ ಅಂಗಡಿಯವನಿಗೆ ಅನ್ಯಾಯವಾಗದಿರಲೆಂದು ಇದನ್ನು ಎರಡು ವಾರ ಮಾರುತ್ತಿಲ್ಲ’ ಎಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದಿರಲಿಲ್ಲ. ಅಲ್ಲಿ ಇದ್ದದ್ದು ‘ಅಗತ್ಯವಲ್ಲದ್ದು’ ಎಂಬ ಮಾತು. ಮೊದಲನೆಯದು ಒಂದು ವ್ಯವಸ್ಥೆಯ ವಿವರಣೆ. ಎರಡನೆಯದು ಎದುರಿಗಿರುವ ಮನುಷ್ಯನ ಬದುಕಿನ ಬಗ್ಗೆ ಕೊಟ್ಟ ತೀರ್ಪು. ಚಳಿಗಾಲದ ಹೊಸ್ತಿಲಲ್ಲಿ ಮಗುವಿಗೆ ಬೆಚ್ಚನೆಯ ಅಂಗಿ ಬೇಕಾದ ತಾಯಿಗೆ, ಒಡೆದುಹೋದ ಕೆಟಲಿನ ಬದಲು ಇನ್ನೊಂದು ಬೇಕಾದ ಒಂಟಿ ಮುದುಕನಿಗೆ ಆ ಮಾತು ಕೇಳಿಸಿದ್ದು ತೀರ್ಪಾಗಿಯೇ. ಮದ್ಯದ ಬಾಟಲಿ ಅಗತ್ಯ, ಮಗುವಿನ ಅಂಗಿ ಅನಗತ್ಯವೆ ಎಂಬ ವ್ಯಂಗ್ಯ ಎಲ್ಲರ ಬಾಯಲ್ಲೂ ಬಂತು.

ಪದ ಒಮ್ಮೆ ತೀರ್ಪಾದ ಮೇಲೆ ಜನ ಏನನ್ನು ಬೇಕಾದರೂ ನಂಬುತ್ತಾರೆ. ಅದೇ ವಾರದ ಕೊನೆಯಲ್ಲಿ ಒಂದು ದೊಡ್ಡ ಮಳಿಗೆಯಲ್ಲಿ ಮಹಿಳೆಯರ ಮುಟ್ಟಿನ ಪ್ಯಾಡುಗಳ ಸಾಲಿಗೂ ಅಡ್ಡಪಟ್ಟಿ ಕಟ್ಟಿರುವ ಸುದ್ದಿ ಹಬ್ಬಿತು. ಸರ್ಕಾರದ ಆದೇಶವೇ ಹೀಗಿದೆಯೆಂದು ಆ ಸಂಸ್ಥೆಯ ಸಿಬ್ಬಂದಿಯೂ ಸಾಮಾಜಿಕ ಜಾಲತಾಣದಲ್ಲಿ ಉತ್ತರಿಸಿಬಿಟ್ಟರು. ನಿಜವೇನೆಂದರೆ ಆ ಭಾಗವನ್ನು ಮುಚ್ಚಿದ್ದು ಅಲ್ಲಿ ನಡೆದಿದ್ದ ಕಳ್ಳತನದ ಪ್ರಯತ್ನದ ಕಾರಣಕ್ಕೆ. ಅವು ಖಂಡಿತ ಅಗತ್ಯ ವಸ್ತುಗಳೆಂದು ಸರ್ಕಾರ ಸ್ಪಷ್ಟಪಡಿಸಿತು, ಸಂಸ್ಥೆ ಕ್ಷಮೆ ಕೇಳಿತು. ತಪ್ಪು ಸುದ್ದಿ ಅಷ್ಟು ಬೇಗ ನಂಬಿಕೆಗೆ ಅರ್ಹವಾಗಿ ಕಂಡದ್ದೇ ಇಲ್ಲಿನ ಮುಖ್ಯಾಂಶ. ಮಕ್ಕಳ ಅಂಗಿಯನ್ನು ಅನಗತ್ಯವೆಂದವರು ಇದನ್ನೂ ಅಂದಿರಬಹುದು ಎಂದು ಜನರಿಗೆ ತೋರಿತು. ಅಕ್ಟೋಬರ್ 27ರಂದು ಸರ್ಕಾರ ಹೊಸ ಮಾರ್ಗಸೂಚಿ ಹೊರಡಿಸಿತು. ನಿಷೇಧ ಉಳಿಯಿತು, ಆದರೆ ನಿಜವಾದ ತುರ್ತಿರುವ ಗ್ರಾಹಕನಿಗೆ ವಿವೇಚನೆಯಿಂದ ವಸ್ತುವನ್ನು ಕೊಡಬಹುದೆಂಬ ಅವಕಾಶ ಸೇರಿತು. ಆ ಅವಕಾಶದ ಅರ್ಥವೇನು? ಅಗತ್ಯವೆಂಬುದು ಕೆಟಲಿನಲ್ಲಿಲ್ಲ, ಕೆಟಲು ಒಡೆದುಹೋದವನ ಮನೆಯಲ್ಲಿದೆ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಈ ಒಂದು ತಿಳಿವು ಮೊದಲ ದಿನವೇ ಇದ್ದಿದ್ದರೆ ಪ್ಲಾಸ್ಟಿಕ್ ಹಾಳೆಯ ಆವಶ್ಯಕತೆ ಬಹುಶಃ ಬರುತ್ತಿರಲಿಲ್ಲ.

ವಸ್ತುವಿನಲ್ಲೇ ಅಗತ್ಯವನ್ನು ಹುಡುಕಹೊರಟರೆ ಪಟ್ಟಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾ ಅದೇ ವರ್ಷದ ಮೇ ತಿಂಗಳಲ್ಲಿ ಒಂದು ನಿದರ್ಶನ ಒದಗಿಸಿತ್ತು. ಅಲ್ಲಿ ಚಳಿಗಾಲದ ಉಡುಪುಗಳ ಮಾರಾಟಕ್ಕೆ ಅನುಮತಿ ದೊರೆತಾಗ ಯಾವುದು ಚಳಿಗಾಲದ ಉಡುಪು ಎಂಬ ಪ್ರಶ್ನೆ ಬಂತು. ಮೇ 12ರ ರಾಜ್ಯಪತ್ರದಲ್ಲಿ ಅದಕ್ಕೆ ಪಟ್ಟಿ ಪ್ರಕಟವಾಯಿತು. ಗಿಡ್ಡ ತೋಳಿನ ಅಂಗಿಯನ್ನು ಕೋಟಿನ ಒಳಗೆ ತೊಡುವುದಕ್ಕೆಂದು ಪ್ರದರ್ಶಿಸಿದ್ದರೆ ಮಾರಬಹುದು. ಗಿಡ್ಡ ಪ್ಯಾಂಟುಗಳನ್ನು ಬೂಟಿನೊಡನೆ ತೊಡುವಂತೆ ಪ್ರದರ್ಶಿಸಿದ್ದರೆ ಮಾರಬಹುದು. ಬೆರಳು ಮುಚ್ಚುವ ಪಾದರಕ್ಷೆಗೆ ಅನುಮತಿಯುಂಟು. ಓದಿದವರು ನಕ್ಕರು. ಶಾಸ್ತ್ರಗ್ರಂಥಗಳ ಪರಿಚಯವಿರುವವರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. ಸೂತ್ರ ಅಸ್ಪಷ್ಟವಾಗಿದ್ದರೆ ವೃತ್ತಿ ಬೇಕು, ವೃತ್ತಿಗೆ ಟೀಕೆ ಬೇಕು, ಟೀಕೆಗೆ ಟಿಪ್ಪಣಿ ಬೇಕು. ಆದರೆ ಶಾಸ್ತ್ರದಲ್ಲಿ ಆ ಬೆಳವಣಿಗೆ ಜಿಜ್ಞಾಸೆಯಿಂದ ಆಗುತ್ತದೆ. ಅಂಗಡಿಯ ಮುಂದೆ ಅದು ಪೋಲೀಸಿನವರ ಮತ್ತು ಮಾರಾಟಗಾರನ ಜಗಳದಲ್ಲಿ ಆಗುತ್ತದೆ.

ಇನ್ನು ನಮಗೆ ಹತ್ತಿರದ ವಸ್ತುವಾದ ಪುಸ್ತಕಕ್ಕೆ ಬರೋಣ. ಈ ವಿಷಯದಲ್ಲಿ ಅತ್ಯಂತ ದೊಡ್ಡ ಚರ್ಚೆ ನಡೆದದ್ದು ಫ್ರಾನ್ಸಿನಲ್ಲಿ. ಆ ದೇಶ 1981ರ ಆಗಸ್ಟಿನಲ್ಲಿಯೇ ಪುಸ್ತಕಕ್ಕೆ ಏಕರೂಪದ ಬೆಲೆಯನ್ನು ಕಾನೂನಿನ ಮೂಲಕ ನಿಗದಿಗೊಳಿಸಿತ್ತು. ದೊಡ್ಡ ಮಳಿಗೆಗಳು ಬೆಲೆ ಇಳಿಸಿ ಸಣ್ಣ ಪುಸ್ತಕದಂಗಡಿಗಳನ್ನು ಮುಚ್ಚಿಸಬಾರದು ಎಂಬುದು ಅದರ ಉದ್ದೇಶ. ಅಂಥ ನಾಡಿನಲ್ಲಿ 2020ರ ಅಕ್ಟೋಬರ್ 30ರಿಂದ ಎರಡನೆಯ ಸಲ ಲಾಕ್‌ಡೌನ್ ಜಾರಿಯಾದಾಗ ಪುಸ್ತಕದಂಗಡಿಗಳು ಅಗತ್ಯವಲ್ಲದವುಗಳ ಸಾಲಿಗೆ ಸೇರಿ ಮುಚ್ಚಿದವು. ದೊಡ್ಡ ಮಳಿಗೆಗಳಲ್ಲಿ ಪುಸ್ತಕ ಸಿಗುತ್ತಿತ್ತು. ಪುಸ್ತಕ ವ್ಯಾಪಾರಿಗಳು, ಪ್ರಕಾಶಕರು, ಲೇಖಕರು ಪ್ರತಿಭಟಿಸಿದರು. ನಮ್ಮ ಬಾಗಿಲು ತೆರೆಯಲು ಬಿಡಿ ಎಂಬುದು ಅವರ ಕೋರಿಕೆ. ಸರ್ಕಾರ ಕೋರಿಕೆಯನ್ನು ತಿರುಗಿಸಿ ಈಡೇರಿಸಿತು: ಇವರ ಬಾಗಿಲು ತೆರೆಯಲಿಲ್ಲ, ದೊಡ್ಡ ಮಳಿಗೆಗಳ ಪುಸ್ತಕ ವಿಭಾಗವನ್ನೂ ಮುಚ್ಚಿಸಿತು. ಬಳಿಕ ಪ್ರಧಾನಿ ಜಾನ್ ಕಾಸ್ಟೆಕ್ಸ್ ಈ ನಿಯಮವನ್ನು ಎಲ್ಲ ಅಗತ್ಯವಲ್ಲದ ವಸ್ತುಗಳಿಗೂ ವಿಸ್ತರಿಸಿದರು. ವೇಲ್ಸಿನಲ್ಲಿ ನಡೆದದ್ದೇ ಇಲ್ಲಿಯೂ ನಡೆಯಿತು. ಸಮಾನತೆಯನ್ನು ಕೇಳಿದವರಿಗೆ ಕೊರತೆಯ ಸಮಾನತೆ ದೊರೆಯಿತು. ಅಂತರ್ಜಾಲದ ವ್ಯಾಪಾರಿಗಳಿಗೆ ಮಾತ್ರ ಯಾವ ಬಾಗಿಲೂ ಮುಚ್ಚಲಿಲ್ಲ.

ಕೆಲವು ಊರುಗಳ ಮೇಯರುಗಳು ತಮ್ಮ ಊರಿನ ಅಂಗಡಿಗಳನ್ನು ತೆರೆಯಲು ಸ್ವಂತ ಆದೇಶ ಹೊರಡಿಸಿದರು. ನವೆಂಬರ್ 10ರಂದು ಘೋಷಣೆಯಾಗಬೇಕಿದ್ದ ಗೊಂಕೂರ್ ಪ್ರಶಸ್ತಿಯನ್ನು ಆ ಅಕಾಡೆಮಿ ಮುಂದೂಡಿತು. ಓದುಗ ಅಂಗಡಿಗೆ ಹೋಗಿ ಕೊಳ್ಳಲಾಗದ ಪುಸ್ತಕಕ್ಕೆ ಪ್ರಶಸ್ತಿ ಕೊಡುವುದಿಲ್ಲವೆಂಬುದು ಅದರ ನಿಲುವಾಗಿತ್ತು. ಸರ್ಕಾರವೂ ಕಣ್ಣುಮುಚ್ಚಿ ಕೂರಲಿಲ್ಲ. ಸಣ್ಣ ಅಂಗಡಿಗಳು ಅಂಚೆಯಲ್ಲಿ ಕಳಿಸುವ ಪುಸ್ತಕಗಳ ವೆಚ್ಚವನ್ನು ತಾನು ಭರಿಸಿತು. ನವೆಂಬರ್ 28ರಂದು ಅಂಗಡಿಗಳು ತೆರೆದವು, 30ರಂದು ಪ್ರಶಸ್ತಿ ಪ್ರಕಟವಾಯಿತು. 2021ರ ಫೆಬ್ರವರಿ ಕೊನೆಯಲ್ಲಿ ಒಂದು ಆದೇಶದ ಮೂಲಕ ಪುಸ್ತಕದಂಗಡಿಗಳನ್ನು ಅಗತ್ಯ ವ್ಯಾಪಾರಗಳ ಪಟ್ಟಿಗೆ ಸೇರಿಸಲಾಯಿತು.

ಈ ಸುದ್ದಿಯನ್ನು ಓದಿ ಆಗ ನನಗೆ ಸಂತೋಷವಾಗಿತ್ತು. ಪುಸ್ತಕವನ್ನು ನಂಬಿ ಬದುಕಿದವರಿಗೆ ಅದು ಸಹಜ. ಕೆಲವು ಗೆಳೆಯರು ನಮ್ಮಲ್ಲಿಯೂ ಹೀಗಾಗಬೇಕೆಂದು ಲೇಖನ ಬರೆಯಲು ಒತ್ತಾಯಿಸಿದರು. ನಾನು ಬರೆಯಲಿಲ್ಲ. ಕಾರಣ 2020ರ ಏಪ್ರಿಲ್ ತಿಂಗಳ ಒಂದು ಸಣ್ಣ ಅನುಭವ.

ಮಾರ್ಚ್ 25ರಿಂದ ನಮ್ಮ ದೇಶ ಸ್ತಬ್ಧವಾಗಿತ್ತು. ಏಪ್ರಿಲ್ 21ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಸ್ಪಷ್ಟೀಕರಣದಲ್ಲಿ ವಿದ್ಯಾರ್ಥಿಗಳ ಶೈಕ್ಷಣಿಕ ಪುಸ್ತಕಗಳ ಅಂಗಡಿಗಳಿಗೂ ವಿದ್ಯುತ್ ಫ್ಯಾನುಗಳ ಅಂಗಡಿಗಳಿಗೂ ಅನುಮತಿ ದೊರೆಯಿತು. ಬೇಸಗೆಯ ನಡುವೆ ಫ್ಯಾನಿನ ವಿಷಯ ಅರ್ಥವಾಗುವಂಥದು. ಪುಸ್ತಕದ ವಿಷಯದಲ್ಲಿ ‘ವಿದ್ಯಾರ್ಥಿಗಳ’ ಎಂಬ ವಿಶೇಷಣ ನನ್ನ ಗಮನ ಸೆಳೆಯಿತು. ಆ ವಾರ ಪರಿಚಯದ ಅಂಗಡಿಯೊಂದು ಅರ್ಧ ಬಾಗಿಲು ತೆರೆದಿದ್ದುದನ್ನು ಕಂಡು ಒಳಗಿಣುಕಿ ‘ವಡ್ಡಾರಾಧನೆ’ಯ ಒಂದು ಪ್ರತಿ ಕೇಳಿದೆ. ನನ್ನ ಪ್ರತಿಯನ್ನು ಒಬ್ಬ ಸಂಶೋಧನ ವಿದ್ಯಾರ್ಥಿ ಒಯ್ದಿದ್ದ, ಅವನು ಊರಿನಲ್ಲಿ ಸಿಕ್ಕಿಕೊಂಡಿದ್ದ. ಅಂಗಡಿಯವರು ಮುಖಗವುಸಿನ ಒಳಗೇ ನಕ್ಕು, “ಸಿಲಬಸ್ಸಿನಲ್ಲಿದೆಯಾ ಸರ್?” ಎಂದರು. ಯಾವುದೋ ಎಂ.ಎ. ತರಗತಿಗೆ ಇದ್ದೇ ಇರುತ್ತದೆ ಎಂದೆ. “ಹಾಗಾದರೆ ಕೊಡಬಹುದು” ಎಂದು ಕೊಟ್ಟರು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಮಹಿಳೆಯೊಬ್ಬರು ಒಂದು ಕಾದಂಬರಿ ಕೇಳಿದರು. ಅದು ಯಾವ ಸಿಲಬಸ್ಸಿನಲ್ಲಿಯೂ ಇರಲಿಲ್ಲ. ಮೇ ತಿಂಗಳು ಬರಲಿ ಅಮ್ಮ, ಎಂದು ಅವರನ್ನು ಕಳಿಸಿದರು. ಅಂಗಡಿಯವರ ತಪ್ಪೇನೂ ಇರಲಿಲ್ಲ. ಬಾಗಿಲು ಮುಚ್ಚಿಸುತ್ತಾರೆಂಬ ಭಯ ಅವರಿಗಿತ್ತು.

ದಾರಿಯಲ್ಲಿ ಬರುವಾಗ ನನ್ನನ್ನು ಕಾಡಿದ್ದು ಆ ಮಹಿಳೆಯ ಮುಖ. ನನಗೆ ಆ ಪುಸ್ತಕ ನಿಜವಾಗಿ ಬೇಕಿದ್ದದ್ದು ಒಂದು ಅಡಿಟಿಪ್ಪಣಿಯನ್ನು ಸರಿನೋಡುವುದಕ್ಕೆ. ಅವರಿಗೆ ಕಾದಂಬರಿ ಏತಕ್ಕೆ ಬೇಕಿತ್ತೋ ನನಗೆ ತಿಳಿಯದು. ಒಂಟಿಯಾಗಿದ್ದರೇನೋ, ಮನೆಯಲ್ಲಿ ರೋಗಿಯ ಪಕ್ಕ ಕೂತು ರಾತ್ರಿ ಕಳೆಯಬೇಕಿತ್ತೇನೋ. ಇಬ್ಬರ ಅಗತ್ಯಗಳನ್ನು ತಕ್ಕಡಿಯಲ್ಲಿಟ್ಟರೆ ಯಾವುದು ತೂಗುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಪಟ್ಟಿ ಮಾತ್ರ ನನ್ನ ಪರವಾಗಿತ್ತು. ನಾಳೆ ‘ಎಲ್ಲ ಪುಸ್ತಕವೂ ಅಗತ್ಯ’ ಎಂದು ಪಟ್ಟಿಯನ್ನು ತಿದ್ದಿದರೆ ಆ ಮಹಿಳೆಗೆ ನ್ಯಾಯ ದೊರೆಯುತ್ತದೆ, ನಿಜ. ಆದರೆ ಅವರ ಹಿಂದೆ ನಿಂತಿರಬಹುದಾದ ಬಳೆ ಕೊಳ್ಳುವವಳಿಗೆ, ಹರಿದ ಚಪ್ಪಲಿಯವನಿಗೆ ಏನು ಹೇಳುವುದು? ಫ್ರಾನ್ಸಿನ ಲೇಖಕರ ಹೋರಾಟದಲ್ಲಿ ನನಗೆ ಕಂಡ ಕೊರತೆ ಇದು. ಪಟ್ಟಿ ಮಾಡುವ ಅಧಿಕಾರವನ್ನು ಬಹುಮಂದಿ ಪ್ರಶ್ನಿಸಲಿಲ್ಲ, ಅದರಲ್ಲಿ ತಮಗೊಂದು ಸ್ಥಾನ ಕೇಳಿದರು. ಇಟಲಿಯಲ್ಲಿ ಏಪ್ರಿಲ್ 14ರಿಂದಲೇ ಪುಸ್ತಕದಂಗಡಿಗಳನ್ನು ಮಕ್ಕಳ ಬಟ್ಟೆಯಂಗಡಿಗಳ ಜೊತೆಗೆ ತೆರೆಯಲು ಕೇಂದ್ರ ಸರ್ಕಾರ ಒಪ್ಪಿದಾಗ ಕೆಲವು ಪುಸ್ತಕ ವ್ಯಾಪಾರಿಗಳೇ ಹಿಂಜರಿದರು. ಸಂಸ್ಕೃತಿಯ ಸಂಕೇತವಾಗಿ ನಮ್ಮನ್ನು ಮುಂದೆ ನಿಲ್ಲಿಸುತ್ತೀರಿ, ಅಂಗಡಿಯಲ್ಲಿ ನಿಂತು ಸೋಂಕಿಗೆ ಮೈಯೊಡ್ಡುವವರು ಯಾರು ಎಂಬುದು ಅವರ ಅಳುಕಾಗಿತ್ತು. ಆ ಅಳುಕಿನಲ್ಲಿ ಹೆಚ್ಚಿನ ವಿವೇಕವಿದೆ.

ಈಗ ‘ಅಗತ್ಯ ವಸ್ತು’ ಎಂಬ ಪದದ ಚರಿತ್ರೆಗೆ ಬರಬಹುದು. ನಮ್ಮ ದೇಶದಲ್ಲಿ ಈ ಪದಕ್ಕೆ ಕಾಯಂ ಕಾನೂನಿನ ಬಲ ಬಂದದ್ದು 1955ರ ಅಗತ್ಯ ವಸ್ತುಗಳ ಕಾಯ್ದೆಯಿಂದ. ಆ ಕಾಯ್ದೆಯ ಹಿಂದಿದ್ದದ್ದು ಯುದ್ಧಕಾಲದ ಅಭಾವ, ಕಾಳಸಂತೆ ಮತ್ತು ಕ್ಷಾಮಗಳ ನೆನಪು. ವ್ಯಾಪಾರಿ ಬಚ್ಚಿಡಬಾರದು, ನ್ಯಾಯವಾದ ಬೆಲೆಗೆ ವಸ್ತು ಜನರಿಗೆ ಸಿಗಬೇಕು ಎಂಬುದು ಅದರ ತಿರುಳು. ಒಂದು ವಸ್ತು ಆ ಪಟ್ಟಿಯಲ್ಲಿದೆ ಎಂದರೆ ಅದು ಪ್ರಜೆಯನ್ನು ತಲಪುವಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ ಮೇಲಿದೆ ಎಂದು ಅರ್ಥ. ಪಟ್ಟಿಯಲ್ಲಿಲ್ಲದ ವಸ್ತುವನ್ನು ಮಾರಬಾರದು, ಕೊಳ್ಳಬಾರದು ಎಂಬ ಅರ್ಥ ಅದಕ್ಕೆ ಎಂದೂ ಇರಲಿಲ್ಲ. ಸಾಂಕ್ರಾಮಿಕದ ಆರಂಭದಲ್ಲಿಯೂ ಈ ಹಳೆಯ ಅರ್ಥ ಜೀವಂತವಾಗಿತ್ತು. 2020ರ ಮಾರ್ಚ್ 13ರಂದು ಮುಖಗವುಸು ಮತ್ತು ಸ್ಯಾನಿಟೈಸರುಗಳನ್ನು ಈ ಕಾಯ್ದೆಯಡಿ ತಂದಾಗ ಉದ್ದೇಶ ಅವು ಎಲ್ಲರಿಗೂ ಸಿಗಲಿ ಎಂಬುದಾಗಿತ್ತು. ಹನ್ನೊಂದು ದಿನಗಳ ಬಳಿಕ ಬಂದ ಲಾಕ್‌ಡೌನ್ ಆದೇಶದಲ್ಲಿ ಅದೇ ಪದ ತಲೆಕೆಳಗಾಯಿತು. ಹೊಣೆಯನ್ನು ಸೂಚಿಸುತ್ತಿದ್ದ ಪದ ಮಿತಿಯನ್ನು ಸೂಚಿಸತೊಡಗಿತು. ಮೊದಲು ಆಳುವವನನ್ನು ಕಟ್ಟಿಹಾಕುತ್ತಿದ್ದದ್ದು ಈಗ ಕೊಳ್ಳುವವನನ್ನು ಕಟ್ಟಿಹಾಕಿತು.

ಈ ಕಾಯ್ದೆಯ ಇನ್ನೊಂದು ವಿವರವನ್ನು ಸಾಹಿತ್ಯದ ವಿದ್ಯಾರ್ಥಿಗಳು ನೆನಪಿಡಬೇಕು. 1955ರ ಮೂಲ ಪಟ್ಟಿಯಲ್ಲಿ ಆಹಾರಪದಾರ್ಥ, ಹತ್ತಿ, ಕಬ್ಬಿಣಗಳ ಜೊತೆಗೆ ಕಾಗದವೂ ಇತ್ತು, ಪತ್ರಿಕಾ ಮುದ್ರಣದ ಕಾಗದವೂ ಸೇರಿದಂತೆ. ಸುಮಾರು ಅರ್ಧ ಶತಮಾನ ಕಾಲ ಈ ದೇಶದಲ್ಲಿ ಕಾಗದ ಕಾನೂನಿನ ಪ್ರಕಾರ ಅಗತ್ಯ ವಸ್ತುವಾಗಿತ್ತು. 2006ರ ತಿದ್ದುಪಡಿಯ ಬಳಿಕ ಅದು ಪಟ್ಟಿಯಿಂದ ಹೊರಗಾಯಿತು. ಅಭಾವ ನೀಗಿದ್ದರಿಂದ ಹೊರಗಾಯಿತೇ ಹೊರತು ಕಾಗದ ಬೇಡವೆಂದು ಯಾರೂ ತೀರ್ಮಾನಿಸಲಿಲ್ಲ. ಅಂದರೆ ಆ ಪಟ್ಟಿ ವಸ್ತುಗಳ ಮೌಲ್ಯವನ್ನು ಅಳೆಯುತ್ತಿರಲಿಲ್ಲ, ಆಯಾ ಕಾಲದ ಕೊರತೆಯನ್ನು ಅಳೆಯುತ್ತಿತ್ತು.

ಕನ್ನಡ ಶಾಸನಗಳನ್ನು ಓದಿದವರಿಗೆ ಇದಕ್ಕಿಂತ ಬಹಳ ಹಳೆಯದಾದ ಇನ್ನೊಂದು ಪಟ್ಟಿ ನೆನಪಾಗದಿರದು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳು ನಮ್ಮ ಬಸದಿಗಳ ದತ್ತಿಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅನ್ನ, ಪ್ರಾಣರಕ್ಷಣೆ, ಔಷಧ ಇವುಗಳ ಸಾಲಿನಲ್ಲಿ ಗ್ರಂಥವೂ ಇದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ಹಂಚಿದ ಅತ್ತಿಮಬ್ಬೆಯ ಕಾರ್ಯವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಇದನ್ನು ಹಿಡಿದುಕೊಂಡು ‘ನೋಡಿ, ಸಾವಿರ ವರ್ಷದ ಹಿಂದೆಯೇ ನಾವು ಪುಸ್ತಕವನ್ನು ಅಗತ್ಯ ವಸ್ತುವೆಂದು ಸಾರಿದ್ದೆವು’ ಎನ್ನುವುದು ಸುಲಭ. ಆ ಸುಲಭದ ಮಾತಿಗಿಂತ ಆ ಪಟ್ಟಿಯ ವ್ಯಾಕರಣ ಮುಖ್ಯ. ಅದು ಉಳ್ಳವನು ಏನನ್ನು ಕೊಡಬೇಕು ಎಂಬುದರ ಪಟ್ಟಿ. ಇಲ್ಲದವನು ಏನನ್ನು ಕೇಳಬಾರದು ಎಂಬುದನ್ನು ಅದು ಹೇಳುವುದಿಲ್ಲ. ಅಲ್ಲಿ ಅಗತ್ಯವೆಂಬುದರ ಕರ್ತೃ ಕೊಡುವವನು. ಭಾರ ಅವನ ಮೇಲಿದೆ. ಸ್ವಂತ ಭೋಗಕ್ಕೆ ಮಿತಿ ಹಾಕಿಕೊಳ್ಳುವುದೂ ನಮ್ಮ ಪರಂಪರೆಗೆ ಗೊತ್ತು. ಆದರೆ ಆ ಮಿತಿಯನ್ನು ತಾನೇ ಎಣಿಸಿ ತಾನೇ ಸ್ವೀಕರಿಸಿದಾಗ ಮಾತ್ರ ಅದು ವ್ರತವಾಗುತ್ತದೆ. ವೇಲ್ಸಿನ ಗ್ರಾಹಕನ ಬುಟ್ಟಿಯಲ್ಲಿ ಏನಿರಬೇಕೆಂದು ಬೇರೆಯವರು ಎಣಿಸಿದರು. ಅವನ ಸಿಟ್ಟಿನ ಮೂಲ ಅಲ್ಲಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಸಾವಿರಾರು ಜನ ಸಾಯುತ್ತಿದ್ದ ಕಾಲದಲ್ಲಿ ಸರ್ಕಾರ ಎಲ್ಲಿಯಾದರೂ ಗೆರೆ ಎಳೆಯಲೇಬೇಕಿತ್ತು. ಪದದ ಅರ್ಥಪಲ್ಲಟವನ್ನು ಚರ್ಚಿಸುತ್ತ ಕೂರಲು ಯಾರಿಗೂ ಬಿಡುವಿರಲಿಲ್ಲ. ಇದು ನಿಜ. ಗೆರೆ ಎಳೆದದ್ದನ್ನು ನಾನು ತಪ್ಪೆನ್ನುವುದಿಲ್ಲ. ಒಳಗೆ ಎಷ್ಟು ಜನ ಇರಬಹುದು, ಎಷ್ಟು ಹೊತ್ತು, ಎಷ್ಟು ದೂರದಲ್ಲಿ, ಯಾವ ಅಂಗಡಿಗೆ ಗಾಳಿ ಬೆಳಕಿದೆ ಎಂಬ ಗೆರೆಗಳು ರೋಗದ ಸ್ವಭಾವವನ್ನು ನೋಡಿ ಎಳೆದವು. ಅವುಗಳ ಬಗ್ಗೆ ಜನ ಗೊಣಗಿದರೂ ಒಪ್ಪಿದರು. ಬಾಗಿಲಲ್ಲಿ ನಿಂತು ಕೇಳಿ ಪಡೆಯುವ, ಮನೆಗೆ ತಲಪಿಸುವ ಏರ್ಪಾಡುಗಳನ್ನೂ ಒಪ್ಪಿದರು. ಒಪ್ಪದೆ ಹೋದದ್ದು ತೆರೆದ ಅಂಗಡಿಯೊಳಗೆ, ಆಗಲೇ ಒಳಗಿದ್ದ ಮನುಷ್ಯನಿಗೆ, ಎದುರಿಗಿದ್ದ ವಸ್ತುವನ್ನು ನಿರಾಕರಿಸುವ ಗೆರೆಯನ್ನು. ಅದು ರೋಗವನ್ನು ನೋಡಿ ಎಳೆದ ಗೆರೆಯಲ್ಲವೆಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಅದರ ಪೆಟ್ಟು ಬಿದ್ದದ್ದೂ ಬಡವರಿಗೆ ಹೆಚ್ಚು. ಅಂತರ್ಜಾಲ, ಬ್ಯಾಂಕಿನ ಕಾರ್ಡು ಇದ್ದವರು ಅದೇ ಅಂಗಿಯನ್ನು ಮರುದಿನ ಮನೆಗೇ ತರಿಸಿಕೊಂಡರು. ಸೂಪರ್‌ಮಾರ್ಕೆಟ್ಟಿನ ಅಗ್ಗದ ಅಂಗಿಯನ್ನು ನಂಬಿದ್ದವರು ಬರಿಗೈಯಲ್ಲಿ ಹಿಂದಿರುಗಿದರು.

ಮಾರುವವನ ಕಡೆಯಿಂದಲೂ ಇದನ್ನು ನೋಡಬೇಕು. ನಮ್ಮಲ್ಲಿ 2020ರ ಏಪ್ರಿಲ್ 15ರ ಮಾರ್ಗಸೂಚಿ ಆನ್‌ಲೈನ್ ಕಂಪನಿಗಳಿಗೆ ಎಲ್ಲ ವಸ್ತುಗಳನ್ನೂ ಮಾರಲು ಅವಕಾಶ ಕೊಡುವಂತಿತ್ತು. ಚಿಲ್ಲರೆ ವ್ಯಾಪಾರಿಗಳ ಸಂಘಟನೆಗಳು ಆಕ್ಷೇಪಿಸಿದ ಮೇಲೆ 19ರಂದು ಅದನ್ನು ಅಗತ್ಯ ವಸ್ತುಗಳಿಗಷ್ಟೇ ಮಿತಿಗೊಳಿಸಲಾಯಿತು. ಬಾಗಿಲು ಹಾಕಿ ಕೂತವನ ಸಂಕಟ ನಿಜವಾದದ್ದು. ಕೊಳ್ಳುವವಳಿಗೆ ಬಳೆ ಅನಗತ್ಯವಿರಬಹುದು. ಮಾರುವವನಿಗೆ ಆ ಬಳೆಯೇ ಅಂದಿನ ಅಕ್ಕಿ. ಹೂವು ಯಾವ ಪಟ್ಟಿಯಲ್ಲಿ ಅಗತ್ಯವೆನಿಸೀತು? ಆದರೂ ದೇವಸ್ಥಾನ, ಮದುವೆ, ಸಂತೆಗಳು ನಿಂತಾಗ ಕೊಳ್ಳುವವರಿಲ್ಲದೆ ನಮ್ಮ ಹೂವಿನ ಬೆಳೆಗಾರರು ಹೂವನ್ನು ಹೊಲದಲ್ಲಿಯೇ ಬಿಡಬೇಕಾಯಿತು. 2020ರ ಮೇ 6ರಂದು ಕರ್ನಾಟಕ ಸರ್ಕಾರ 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಘೋಷಿಸಿದಾಗ ಅದರಲ್ಲಿ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25 ಸಾವಿರ ರೂಪಾಯಿ, ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5 ಸಾವಿರ ರೂಪಾಯಿ ಇತ್ತು. ಆ ಮೊತ್ತ ಸಾಲದೆಂದು ಹೇಳುವುದಕ್ಕೆ ಎಲ್ಲರಿಗೂ ಕಾರಣವಿತ್ತು. ಆದರೆ ಅದರ ಹಿಂದಿನ ತತ್ತ್ವ ಸರಿಯಾಗಿತ್ತು: ನಿನ್ನ ದುಡಿಮೆಯನ್ನು ನಿಲ್ಲಿಸಿದವನು ನಾನು, ಆದ್ದರಿಂದ ನಿನಗೆ ನಾನು ಬಾಕಿಯಿದ್ದೇನೆ. ಫ್ರಾನ್ಸ್ ಸರ್ಕಾರ ಪುಸ್ತಕದ ಅಂಚೆವೆಚ್ಚ ಭರಿಸಿದ್ದೂ ಇದೇ ತತ್ತ್ವಕ್ಕೆ ಸೇರುತ್ತದೆ. ಅಗತ್ಯವೆಂಬ ಪದ ಇಲ್ಲೆಲ್ಲ ತನ್ನ ಮೊದಲಿನ ಅರ್ಥಕ್ಕೆ, ಆಳುವವನ ಹೊಣೆಗೆ, ಹಿಂದಿರುಗುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಇನ್ನೊಂದು ಸಾಂಕ್ರಾಮಿಕ ಬಾರದಿರಲಿ. ಬಂದರೆ ಪುಸ್ತಕವನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ ಎಂದು ನಾವು ಕೇಳಬಾರದು. ಅಂಗಡಿಯ ಬಾಗಿಲಿಗೆ, ಜನಸಂಖ್ಯೆಗೆ, ವೇಳೆಗೆ ಮಿತಿ ಹಾಕಿ, ಬುಟ್ಟಿಯೊಳಕ್ಕೆ ಕೈಹಾಕಬೇಡಿ ಎಂದು ಕೇಳಬೇಕು. ಯಾವುದಾದರೂ ಮಾರಾಟವನ್ನು ನಿಲ್ಲಿಸಲೇಬೇಕಾದರೆ ಅದನ್ನು ‘ಅನಗತ್ಯ’ ಎನ್ನದೆ ‘ಸದ್ಯಕ್ಕೆ ತಡೆಹಿಡಿದದ್ದು’ ಎನ್ನಿ, ತಡೆದದ್ದರಿಂದ ಯಾರ ಒಲೆ ಉರಿಯಲಿಲ್ಲವೋ ಅವರ ಲೆಕ್ಕವನ್ನು ಜೊತೆಯಲ್ಲಿಯೇ ಬರೆಯಿರಿ ಎಂದು ಕೇಳಬೇಕು. ಭಾಷೆಯನ್ನು ಅಭ್ಯಾಸ ಮಾಡಿದವರಿಗೆ ಇದನ್ನು ಹೇಳುವ ಕರ್ತವ್ಯ ಉಳಿದವರಿಗಿಂತ ತುಸು ಹೆಚ್ಚಾಗಿಯೇ ಇದೆ.

ಅಂದು ಅಂಗಡಿಯಿಂದ ತಂದ ‘ವಡ್ಡಾರಾಧನೆ’ಯ ಪ್ರತಿ ಈಗಲೂ ನನ್ನ ಮೇಜಿನ ಮೇಲಿದೆ. ವಿದ್ಯಾರ್ಥಿ ನನ್ನ ಹಳೆಯ ಪ್ರತಿಯನ್ನು ಮರಳಿಸಿದ್ದಾನೆ. ಆ ಮಹಿಳೆಗೆ ಅವರ ಕಾದಂಬರಿ ಮೇ ತಿಂಗಳಲ್ಲಿ ಸಿಕ್ಕಿತೋ ಇಲ್ಲವೋ, ಅಂಗಡಿಯವರಿಗೂ ನೆನಪಿಲ್ಲ.